ತೀವ್ರ ಮರೆಗುಳಿತನದಲ್ಲಿ ಉಳಿದಿರುವ ಅರಿವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಆಲ್ಝೈಮರ್ಸ್ ಕಾಯಿಲೆಯ ಕೊನೆಯ ಹಂತದಲ್ಲಿರುವ ನಮ್ಮ ತಾಯಿಯವರಿಗೆ ನೆನಪು, ಯೋಚನಾಶಕ್ತಿಗಳನ್ನು ಅಳೆಯುವ 30 ಅಂಕಗಳ ಎಂಎಂಎಸ್‌ಇ ಪರೀಕ್ಷೆಯಲ್ಲಿ ಎರಡು ಬಾರಿಯೂ ಸೊನ್ನೆಯೇ ಬಂದಿದೆ. ಆದರೆ ಲೋಟವನ್ನು ಕೈಗಿತ್ತರೆ ತಾವೇ ಕುಡಿಯುತ್ತಾರೆ, ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಾರೆ. ಇದನ್ನು ಗುರುತಿಸುವ ಬೇರೆ ಪರೀಕ್ಷೆ ಇದೆಯೇ? ದಯವಿಟ್ಟು ತಿಳಿಸಿ.

ಉತ್ತರ 1: ಸೊನ್ನೆ ಬಂದಿತೆಂದರೆ ಅರಿವೇ ಇಲ್ಲವೆಂದು ಅರ್ಥವಲ್ಲ. 1975ರಲ್ಲಿ ಪ್ರಕಟವಾದ ಆ ಪರೀಕ್ಷೆಯು ದಿನಾಂಕ, ಲೆಕ್ಕ, ಓದು, ಬರವಣಿಗೆಗಳನ್ನೇ ಹೆಚ್ಚಾಗಿ ಅವಲಂಬಿಸಿರುವುದರಿಂದ, ತೀವ್ರ ಹಂತದಲ್ಲಿ ಅಳತೆಗೋಲೇ ತಳ ಮುಟ್ಟಿಬಿಡುತ್ತದೆ. ಇಂಥವರಿಗಾಗಿಯೇ ಸಿವಿಯರ್ ಇಂಪೇರ್‌ಮೆಂಟ್ ಬ್ಯಾಟರಿ ಎಂಬ 100 ಅಂಕಗಳ ಪರೀಕ್ಷೆಯಿದೆ. ಅದರಲ್ಲಿ ಸೂಚನೆಗಳು ಚಿಕ್ಕವಾಗಿದ್ದು ಸನ್ನೆಯೊಡನೆ ಬರುತ್ತವೆ. ಅರೆಬರೆ ಉತ್ತರಕ್ಕೂ ಮಾತಿಲ್ಲದ ಪ್ರತಿಕ್ರಿಯೆಗೂ ಅಂಕವುಂಟು. ಕೈ ಚಾಚಿದಾಗ ಕೈ ಕೊಡುವುದು, ಹೆಸರಿಗೆ ತಿರುಗುವುದು, ಅಂದರೆ ನೀವು ಗಮನಿಸಿರುವಂಥದ್ದೇ, ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಉತ್ತರ 2: ಆ 100 ಅಂಕಗಳ ಪರೀಕ್ಷೆಯನ್ನು ಮನೆಯಲ್ಲೇ ಅನುವಾದಿಸಿ ಅಂಕ ಹಾಕಬೇಡಿ, ತರಬೇತಿ ಪಡೆದವರು ತಾಯಿಯವರ ಮಾತೃಭಾಷೆಯಲ್ಲೇ ನಡೆಸಬೇಕು. ಅಂದು ಕನ್ನಡಕ, ಶ್ರವಣಸಾಧನ ಧರಿಸಿರಲಿ, ಅವರು ಚುರುಕಾಗಿರುವ ಹೊತ್ತನ್ನೇ ಆರಿಸಿಕೊಳ್ಳಿ. ಕೆಲವೇ ದಿನಗಳಲ್ಲಿ ದಿಢೀರನೆ ಮಂಕಾದರೆ ಅದನ್ನು ಕಾಯಿಲೆ ಬೆಳೆದಿದೆಯೆಂದು ಬಿಟ್ಟುಬಿಡದೆ, ಮೂತ್ರದ ಸೋಂಕು, ಮಲಬದ್ಧತೆ, ನೋವು, ಹೊಸ ಔಷಧಿ ಇವುಗಳನ್ನು ವೈದ್ಯರಿಂದ ಮೊದಲು ಪರಿಶೀಲನೆ ಮಾಡಿಸಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಎರಡು ಬಾರಿಯೂ ಅವರು ಶ್ರವಣಸಾಧನ ಧರಿಸಿರಲಿಲ್ಲವೆಂಬುದು ಈಗ ನೆನಪಾಯಿತು.