ಬ್ಲೀಡ್‌ಗೆ ‘ಕೊಸರು’ ಎನ್ನಬಹುದೇ? ವಿಸಿಟಿಂಗ್ ಕಾರ್ಡ್ ಕೆಲಸದ ಕೆಲವು ಪದಗಳು

ವಿಸಿಟಿಂಗ್ ಕಾರ್ಡನ್ನು ಡಿಟಿಪಿಯಲ್ಲಿ ಹೊಂದಿಸಿ ಪ್ರೆಸ್ಸಿಗೆ ಕಳಿಸುವುದನ್ನು ಕನ್ನಡದಲ್ಲಿ ವಿವರಿಸಲು ಹೊರಟರೆ ಮೊದಲು ಎಡವುವುದು ‘ಬ್ಲೀಡ್’ ಎಂಬಲ್ಲಿ, ಅಂದರೆ ಕತ್ತರಿಸುವ ಗೆರೆಯಾಚೆಗೂ ಹರಿಸುವ ಹಿನ್ನೆಲೆಯ ಬಣ್ಣ. ನಿಘಂಟಿನ ಅರ್ಥ ಹಿಡಿದರೆ ರಕ್ತಸ್ರಾವ ಆಗುತ್ತದೆ. ಅದನ್ನು ತಪ್ಪಿಸಲು ‘ಅಂಚು’ ಎಂದು ಬರೆದರೆ ಇನ್ನೂ ಕೆಟ್ಟದ್ದು. ರಕ್ತಸ್ರಾವ ಎಂದು ಓದಿದವರಿಗೆ ಏನೋ ತಪ್ಪಿದೆ ಎಂದಾದರೂ ಹೊಳೆಯುತ್ತದೆ. ಅಂಚು ಎಂದು ಓದಿದವರು ಅದನ್ನು ಮಾರ್ಜಿನ್ ಎಂದುಕೊಂಡು ಕಾರ್ಡಿನ ಒಳಗೆ 3 ಮಿ.ಮೀ. ಖಾಲಿ ಬಿಡುತ್ತಾರೆ. ಬೇಕಿರುವುದು ಹೊರಗೆ 3 ಮಿ.ಮೀ. ಬಣ್ಣ.

ಪದಕ್ಕೆ ಮೊದಲು ಅದರ ಹಿಂದಿನ ಕೆಲಸ ನೋಡೋಣ. ಕಾರ್ಡುಗಳನ್ನು ಒಂದೊಂದಾಗಿ ಅಚ್ಚು ಮಾಡುವುದಿಲ್ಲ. ದೊಡ್ಡ ಹಾಳೆಯಲ್ಲಿ ಹಲವು ಕಾರ್ಡುಗಳನ್ನು ಕೂರಿಸಿ, ಅಚ್ಚಾದ ಹಾಳೆಗಳನ್ನು ಕಟ್ಟಾಗಿ ಪೇರಿಸಿ ಕಟಿಂಗ್ ಮೆಷಿನ್ನಿಗೆ ಕೊಡುತ್ತಾರೆ. ಅಲಗು ಇಳಿಯುವಾಗ ಕಟ್ಟು ಅಷ್ಟಿಷ್ಟು ಜರುಗುತ್ತದೆ; ಮೇಲಿನ ಹಾಳೆಗೂ ತಳದ ಹಾಳೆಗೂ ಅರ್ಧದಿಂದ ಒಂದು ಮಿ.ಮೀ. ವ್ಯತ್ಯಾಸ ಬಂದರೆ ಅಚ್ಚರಿಯಿಲ್ಲ. ಹಿನ್ನೆಲೆಯ ಬಣ್ಣ ಸರಿಯಾಗಿ ಕತ್ತರಿಸುವ ಗೆರೆಯಲ್ಲೇ ನಿಂತಿದ್ದರೆ ಕೆಲವು ಕಾರ್ಡುಗಳ ಒಂದು ಬದಿಗೆ ಬಿಳಿ ಎಳೆ ಉಳಿಯುತ್ತದೆ. ಅದಕ್ಕೇ ಬಣ್ಣವನ್ನು ಗೆರೆ ದಾಟಿಸಿ ಹರಿಸುವುದು. 90×54 ಮಿ.ಮೀ. ಕಾರ್ಡಿಗೆ ನಾಲ್ಕೂ ಕಡೆ 3 ಮಿ.ಮೀ. ಸೇರಿದರೆ 96×60.

ಈ 96×60 ಎಂಬ ಅಂಕಿಯಿಂದಲೇ ಎರಡು ತಪ್ಪು ಹುಟ್ಟುತ್ತವೆ. ಒಂದು, ಪುಟದ ಅಳತೆಯನ್ನೇ 96×60 ಎಂದು ಕೊಟ್ಟು ಅದರ ಮೇಲೆ ಮತ್ತೆ ಬ್ಲೀಡ್ ಸೇರಿಸುವುದು. ಆಗ ಕಾರ್ಡು ಎಲ್ಲಿಗೆ ಮುಗಿಯುತ್ತದೆ ಎಂಬುದೇ ಪ್ರೆಸ್ಸಿನವರಿಗೆ ತಿಳಿಯುವುದಿಲ್ಲ. ಎರಡು, 90×54ಕ್ಕೆ ಮುಗಿಸಿದ ವಿನ್ಯಾಸವನ್ನು ಹಿಡಿದೆಳೆದು 96×60 ಮಾಡುವುದು. ಎರಡರ ಅನುಪಾತ ಬೇರೆ, ಮೊದಲನೆಯದು 1.67, ಎರಡನೆಯದು 1.6. ಹಾಗಾಗಿ ಲೋಗೊದ ದುಂಡು ಮೊಟ್ಟೆಯಾಗುತ್ತದೆ, ಅಕ್ಷರಗಳು ಅಂಚಿಗೆ ಸರಿಯುತ್ತವೆ. ಎಳೆಯಬೇಕಾದದ್ದು ಹಿನ್ನೆಲೆಯ ಚೌಕವನ್ನು ಮಾತ್ರ. ಹಿನ್ನೆಲೆ ಫೋಟೊ ಆಗಿದ್ದರೆ ಇಂಚಿಗೆ 300 ಚುಕ್ಕೆಯ (300 ಡಿಪಿಐ) ಲೆಕ್ಕದಲ್ಲಿ ಅದು 1134×709 ಪಿಕ್ಸೆಲ್ ಇರಬೇಕು; 1063×638 ಎಂದರೆ ಕಾರ್ಡಿಗಷ್ಟೇ ಸಾಲುತ್ತದೆ, ಹೊರಗಿನದಕ್ಕೆ ಸಾಲದು. ಇನ್‌ಡಿಸೈನ್ ಮತ್ತು ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಪುಟ 90×54 ಇಟ್ಟು, ಬ್ಲೀಡ್ ಕಲಂನಲ್ಲಿ 3 ಎಂದು ಬರೆದರಾಯಿತು. ಆದರೆ ಪಿಡಿಎಫ್ ತೆಗೆಯುವಾಗ ಡಾಕ್ಯುಮೆಂಟಿನ ಬ್ಲೀಡ್ ಬಳಸು ಎಂಬ ಆಯ್ಕೆಗೆ ಗುರುತು ಹಾಕಲು ಮರೆತರೆ ತೆರೆಯ ಮೇಲೆ ಕಂಡ ಹೊರಬಣ್ಣ ಪಿಡಿಎಫ್‌ಗೆ ಬರುವುದೇ ಇಲ್ಲ.

ಈಗ ಪದ. ಸಂತೆಯಲ್ಲಿ ಸೇರು ಅಳೆದು ಹಾಕಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಆ ಕೊಸರು ಇಲ್ಲಿ ಒದಗೀತು ಎಂಬುದು ನನ್ನ ಎಣಿಕೆ. ಇದಕ್ಕೆ ಬರುವ ಆಕ್ಷೇಪ ಗೊತ್ತು: ಸಂತೆಯ ಕೊಸರು ಕೊಂಡವರ ಚೀಲಕ್ಕೆ ಹೋಗುತ್ತದೆ, ಪ್ರೆಸ್ಸಿನ ಕೊಸರು ಕಸದ ಬುಟ್ಟಿಗೆ. ಆದರೆ ಕೊಸರು ಹಾಕುವ ಕಾರಣ ಎರಡೂ ಕಡೆ ಒಂದೇ, ಅಳತೆಯಲ್ಲಿ ಕಮ್ಮಿ ಬೀಳಬಾರದು. ಇನ್ನೊಂದು ಅನುಕೂಲ, ಕ್ರಿಯಾಪದಗಳು ಅದಕ್ಕೆ ತಾವಾಗಿ ಹೊಂದುತ್ತವೆ. ‘ಮೂರು ಮಿಲಿಮೀಟರ್ ಕೊಸರು ಬಿಡಿ’, ‘ಎಡಗಡೆ ಕೊಸರು ಸಾಲದು’, ‘ಕೊಸರಿಲ್ಲದ ಫೈಲು’. ‘ಹೊರಚಾಚು’ ಎಂಬ ಪದವನ್ನೂ ತೂಗಿ ನೋಡಿದೆ. ಅದರಲ್ಲಿ ಚಾಚಿರುವುದು ಕಾಣುತ್ತದೆ, ಏಕೆ ಚಾಚಿದೆ ಎಂಬುದು ಕಾಣುವುದಿಲ್ಲ. ‘ಕೊಸರಿಕೊಳ್ಳು’, ‘ಕೊಸರಾಟ’ ಬೇರೆಯೇ ಅರ್ಥದವು. ವಾಕ್ಯದಲ್ಲಿ ಗೊಂದಲ ಮಾಡಲಾರವು.

ಇಂಗ್ಲಿಷಿನಲ್ಲಿ ಬ್ಲೀಡ್ ಎಂಬುದಕ್ಕೆ ಮುದ್ರಣದಲ್ಲೇ ಎರಡನೆಯ ಅರ್ಥವೊಂದಿದೆ: ಒರಟು ಕಾಗದದಲ್ಲಿ ಮಸಿ ಅಕ್ಷರದ ಗೆರೆಯಾಚೆ ಇಂಗಿ ಹರಡುವುದು. ಕನ್ನಡದಲ್ಲಿ ‘ಮಸಿ ಹರಡಿದೆ’ ಎಂಬ ಮಾತು ಬಳಕೆಯಲ್ಲಿದೆ, ಅದೇ ಸಾಕು. ಎರಡಕ್ಕೂ ಒಂದೇ ಪದ ಇರುವ ಇಂಗ್ಲಿಷಿಗಿಂತ ಇಲ್ಲಿ ಕನ್ನಡವೇ ಸ್ಪಷ್ಟ.

ಕತ್ತರಿಸುವ ಗೆರೆಯಿಂದ ಒಳಗೆ, ಅಕ್ಷರ ಬರಬಾರದ ಪಟ್ಟಿಗೆ ‘ಸೇಫ್ಟಿ ಮಾರ್ಜಿನ್’ ಎನ್ನುವ ಬದಲು ‘ಬದು’ ಎಂದರೆ ಹೇಗೆ? ಹೊಲದ ಬದುವಿನ ಮೇಲೆ ಬಿತ್ತುವುದಿಲ್ಲ. 4 ಮಿ.ಮೀ. ಬದು ಬಿಟ್ಟರೆ ಅಕ್ಷರಗಳಿಗೆ ಉಳಿಯುವ ಜಾಗ 82×46. ಕನ್ನಡದ ಕಾರ್ಡಿನಲ್ಲಿ ಇದನ್ನು ಸಾಲಿನ ತಳಗೆರೆಯಿಂದ ಅಳೆಯಬಾರದು, ಒತ್ತಕ್ಷರದ ತುದಿಯಿಂದ ಅಳೆಯಬೇಕು. ಕೊನೆಯ ಸಾಲಿನಲ್ಲಿ ‘ರಾಷ್ಟ್ರೀಯ’, ‘ಶಾಸ್ತ್ರಿ’ ಎಂಬ ಪದ ಬಂದರೆ ಜೋಡಿ ಒತ್ತು ಬದುವಿಗೆ ಇಳಿದುಬಿಡುತ್ತದೆ. ಸಾಲುಗಳ ನಡುವಿನ ಅಂತರದ ತೊಂದರೆಯೂ ಇದೇ. ತಂತ್ರಾಂಶ ತಾನಾಗಿ ಕೊಡುವುದು ಅಕ್ಷರದ ಅಳತೆಯ 120 ಶೇಕಡ, ಅಂದರೆ 8 ಪಾಯಿಂಟಿಗೆ 9.6. ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 12 ಪಾಯಿಂಟ್ ಇಡುವುದು ಒಳ್ಳೆಯದು.

‘ರಿಜಿಸ್ಟ್ರೇಷನ್ ಮಾರ್ಕ್’ ಎಂಬುದನ್ನು ನೋಂದಣಿ ಗುರುತು ಎಂದು ಅನುವಾದಿಸಿದರೆ ಅರ್ಥ ಪೂರ್ತಿ ಕೆಡುತ್ತದೆ. ಇಲ್ಲಿ ಯಾರೂ ಏನನ್ನೂ ನೋಂದಾಯಿಸುತ್ತಿಲ್ಲ. ನಾಲ್ಕು ಪ್ಲೇಟಿನ ನಾಲ್ಕು ಬಣ್ಣ ಒಂದರ ಮೇಲೊಂದು ಕೂತಿವೆಯೇ ಎಂದು ನೋಡುವ ಗುರುತು ಅದು. ‘ಹೊಂದಿಕೆ ಗುರುತು’ ಎನ್ನಬಹುದು. ಕತ್ತರಿಸುವ ಮೂಲೆಗಳನ್ನು ತೋರುವ ಕ್ರಾಪ್ ಮಾರ್ಕ್ ಬೇರೆ, ಅದು ‘ಕತ್ತರಿಗುರುತು’. ಬಣ್ಣದ ಪಟ್ಟಿಯಲ್ಲಿ ರಿಜಿಸ್ಟ್ರೇಷನ್ ಎಂಬ ಹೆಸರಿನ ಕಪ್ಪೂ ಇರುತ್ತದೆ. ಅದು ನಾಲ್ಕೂ ಬಣ್ಣ ನೂರಕ್ಕೆ ನೂರು, ಒಟ್ಟು 400. ಅಕ್ಷರಕ್ಕೆ ಅದನ್ನು ಬಳಸಿದರೆ ಮಸಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ತೆರೆಯ ಬಣ್ಣದ ಲೆಕ್ಕವಾದ ಆರ್‌ಜಿಬಿಯ ಕಪ್ಪನ್ನು ಫೋಟೊಶಾಪ್ ಸಿಎಂವೈಕೆಗೆ, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಮಸಿಗಳ ಲೆಕ್ಕಕ್ಕೆ, ಬದಲಿಸಿದಾಗ ಸಾಮಾನ್ಯವಾಗಿ ಬರುವ 75, 68, 67, 90 ಕೂಡ ಸಣ್ಣ ಅಕ್ಷರಕ್ಕೆ ಬೇಡ. ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಒತ್ತಿನ ಸುತ್ತ ಬಣ್ಣದ ನೆರಳು ಕಾಣುತ್ತದೆ. ಸಣ್ಣ ಅಕ್ಷರಕ್ಕೆ ಕಪ್ಪು ಮಾತ್ರ 100, ಉಳಿದ ಮೂರೂ ಸೊನ್ನೆ.

ಪ್ರೆಸ್ಸಿನಲ್ಲಿ ಫಾಂಟ್ ಇಲ್ಲದಿದ್ದರೂ ಕೆಡದಂತೆ ಅಕ್ಷರಗಳನ್ನು ಆಕೃತಿಯಾಗಿ ಬದಲಿಸುವುದಕ್ಕೆ ‘ಕರ್ವ್ ಮಾಡು’ ಎಂಬ ಮಾತು ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಿಂದ ಬಂದು ನೆಲೆಯೂರಿದೆ. ಕಂಟ್ರೋಲ್ ಜೊತೆ ಕ್ಯೂ ಒತ್ತಿದರೆ ಆಯಿತು. ಇದನ್ನು ‘ಅಕ್ಷರ ಒಡೆಯುವುದು’ ಎಂದು ಕರೆಯುವುದು ಬೇಡ. ಫಾಂಟ್ ಸಿಗದೆ ಅಕ್ಷರ ಚಿಹ್ನೆಗಳಾಗಿ ಚದುರಿದಾಗ ‘ಅಕ್ಷರ ಒಡೆದಿದೆ’ ಎನ್ನುತ್ತೇವೆ, ಅದು ಈಗಾಗಲೇ ರೂಢಿಯ ಮಾತು. ನುಡಿ, ಬರಹದ ಹಳೆಯ ಆನ್ಸಿ (ಯೂನಿಕೋಡ್ ಅಲ್ಲದ) ಫಾಂಟುಗಳಲ್ಲಿ ಒಂದು ಅಕ್ಷರವೇ ಎರಡು ಮೂರು ತುಂಡುಗಳ ಜೋಡಣೆ. ಕರ್ವ್ ಮಾಡಿದ ಮೇಲೆ ಆ ತುಂಡುಗಳನ್ನು ಕಂಬೈನ್ ಮಾಡಿದರೆ ಒಂದರ ಮೇಲೊಂದು ಬಿದ್ದ ಜಾಗ ಬಿಳಿಯ ತೂತಾಗುತ್ತದೆ. ವೆಲ್ಡ್ ಮಾಡಬೇಕು. ಆದ್ದರಿಂದ ಕಂಬೈನ್‌ಗೆ ‘ಕೂಡಿಸು’, ವೆಲ್ಡ್‌ಗೆ ‘ಬೆಸೆ’ ಎಂದು ಎರಡನ್ನೂ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಯೂನಿಕೋಡ್ ಫಾಂಟ್ ಬಳಸುವವರು ಇನ್‌ಡಿಸೈನ್‌ನಲ್ಲಿ ವರ್ಲ್ಡ್‌ರೆಡಿ ಕಂಪೋಸರ್ ಎಂಬ ಅಕ್ಷರಜೋಡಣೆಯ ಆಯ್ಕೆಯನ್ನು ಆರಿಸಿಕೊಳ್ಳಬೇಕು, ಇಲ್ಲವಾದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಕರ್ವ್ ಮಾಡುವ ಮೊದಲು ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಫೋನ್ ನಂಬರಿನ ಒಂದು ಅಂಕಿ ತಿದ್ದಲೂ ಆಮೇಲೆ ಆಗುವುದಿಲ್ಲ.

ಉಳಿದಿರುವುದು ಓವರ್‌ಪ್ರಿಂಟ್ ಮತ್ತು ನಾಕ್‌ಔಟ್ ಎಂಬ ಜೋಡಿ. ಹಳದಿಯ ಮೇಲೆ ಕಪ್ಪು ಅಕ್ಷರವನ್ನು ಹಳದಿ ಕೊರೆಯದೆ ಹಾಗೇ ಅಚ್ಚು ಮಾಡಿದರೆ ಓವರ್‌ಪ್ರಿಂಟ್, ಅದಕ್ಕೆ ‘ಮೇಲಚ್ಚು’ ಚೆನ್ನಾಗಿಯೇ ಇದೆ. ಅಕ್ಷರದ ಜಾಗದಲ್ಲಿ ಹಿನ್ನೆಲೆಯನ್ನು ಖಾಲಿ ಬಿಡುವುದು ನಾಕ್‌ಔಟ್. ಬಿಳಿ ಅಕ್ಷರಕ್ಕೆ ಮೇಲಚ್ಚು ಕೊಟ್ಟುಬಿಟ್ಟರೆ ತೆರೆಯ ಮೇಲೆ ಕಂಡದ್ದು ಅಚ್ಚಿನಲ್ಲಿ ಮಾಯವಾಗುತ್ತದೆ, ಬಿಳಿಗೆ ಮಸಿಯೇ ಇಲ್ಲವಲ್ಲ. ಹಾಗಾಗಿ ಈ ಎರಡು ಪದ ಕೇಳಿದ ಕೂಡಲೇ ಬೇರೆ ಬೇರೆಯೆಂದು ತಿಳಿಯಬೇಕು. ನಾಕ್‌ಔಟ್‌ಗೆ ‘ಕೊರೆಯಚ್ಚು’ ಎಂದರೆ ಕಾಗದವನ್ನೇ ಕೊರೆಯುವ ಡೈ ಕಟಿಂಗ್ ನೆನಪಾಗುತ್ತದೆ. ‘ಬಿಡಚ್ಚು’ ಎಂದರೆ ಬಿಡಿ ಅಚ್ಚು ಎಂದು ಕೇಳಿಸೀತು. ‘ತೆರಪಚ್ಚು’ ಹೇಗೆ? ಕಂಪೋಸಿಂಗ್ ಕೋಣೆಯಲ್ಲಿ ಕೆಲಸ ಮಾಡಿದವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ, ಅದನ್ನು ಬಳಸುತ್ತಿದ್ದ ವಾಕ್ಯದ ಸಮೇತ ತಿಳಿಸಬೇಕು.