ಹಳೆ ಪಂಚಾಯ್ತಿ ಕೊಟ್ಟ ಕೋಣೆಗೆ ಹೊಸ ಕಚೇರಿ ಬಾಡಿಗೆ ಕೇಳುತ್ತಿದೆ, ಏನು ಮಾಡುವುದು?

ಎಲ್ಲರಿಗೂ ನಮಸ್ಕಾರ. ಮೈಸೂರು ರಿಂಗ್ ರಸ್ತೆಯ ಆಚೆ ನಮ್ಮದೊಂದು ಸಣ್ಣ ಸಂಘ ಇದೆ. ಹನ್ನೊಂದು ಜನ ಇದ್ದೇವೆ, ಅರ್ಧ ಮಂದಿ ನಿವೃತ್ತರು. ಸಂಬಳ ಯಾರಿಗೂ ಇಲ್ಲ. ವೀಲ್‌ಚೇರ್, ವಾಕರ್, ಕಮೋಡ್ ಕುರ್ಚಿ, ತಲೆ ಕಡೆ ಎತ್ತರಿಸುವ ಆಸ್ಪತ್ರೆ ಮಂಚ, ಬೆನ್ನು ಹುಣ್ಣಾಗದಂತೆ ಹಾಕುವ ಏರ್ ಬೆಡ್, ಇಂಥವನ್ನು ಬೇಕಾದ ಮನೆಗೆ ಎರವಲು ಕೊಡುತ್ತೇವೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಸೊಂಟ ಮುರಿದ ಅಜ್ಜಿಯನ್ನು ಕೆ.ಆರ್. ಆಸ್ಪತ್ರೆಯಿಂದ ಮನೆಗೆ ಕರೆತರುವವರು ಎಷ್ಟೋ ಸಲ ಆಟೋದಲ್ಲಿ ಕೂತೇ ನಮಗೆ ಫೋನ್ ಮಾಡುತ್ತಾರೆ.

2017ರಲ್ಲಿ ನಮ್ಮದು ಗ್ರಾಮ ಪಂಚಾಯ್ತಿ. ಹಳೆ ಕಟ್ಟಡದ ಒಂದು ಕೋಣೆ ಕೊಟ್ಟರು. ಕರೆಂಟ್ ಬಿಲ್ಲೂ ಅವರೇ ಕಟ್ಟುತ್ತಿದ್ದರು. ಸಭೆಯಲ್ಲಿ ನಿರ್ಣಯ ಆಗಿದೆ ಅಂದರು. ಅಧ್ಯಕ್ಷರು ಬೀಗದ ಕೈ ಕೊಟ್ಟು ಫೋಟೊ ತೆಗೆಸಿಕೊಂಡರು. ಫೋಟೊ ನಮ್ಮ ಹತ್ತಿರ ಇದೆ. ನಿರ್ಣಯದ ಪ್ರತಿ ಇಲ್ಲ!

ಆಮೇಲೆ ಪಂಚಾಯ್ತಿ ಹೋಗಿ ನಗರಾಡಳಿತ ಬಂತು. ಯಾವ ಊರು ಅಂತ ಇಲ್ಲಿ ಹೇಳುವುದು ಬೇಡ. ಈಗ ನೋಟಿಸ್ ಬಂದಿದೆ. ತಿಂಗಳಿಗೆ 4,500 ರೂಪಾಯಿಯಂತೆ 38 ತಿಂಗಳ ಬಾಡಿಗೆ ಬಾಕಿ, ಒಟ್ಟು 1,71,000. ಏಳು ದಿನದಲ್ಲಿ ಕಟ್ಟಿ, ಇಲ್ಲವೇ ಖಾಲಿ ಮಾಡಿ ಅಂತ. ಕೋಣೆ ರಸ್ತೆಗೆ ಮುಖ ಮಾಡಿದೆ, ಮಳಿಗೆ ಮಾಡಿ ಹರಾಜು ಹಾಕುತ್ತಾರಂತೆ. ನಮ್ಮ ಖಾತೆಯಲ್ಲಿ ಇಪ್ಪತ್ತು ಸಾವಿರವೂ ಇಲ್ಲ. ಇಂಥದ್ದನ್ನು ಎದುರಿಸಿದವರು ಯಾರಾದರೂ ಇದ್ದೀರಾ?

ಹೆಬ್ಬಾಳದಿಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ

ಪೇಪರ್‌ಗೆ ಕೊಡಿ ಮೇಡಂ. ಎಲ್ಲ ವೀಲ್‌ಚೇರ್ ತಂದು ಕಚೇರಿ ಮುಂದೆ ಸಾಲಾಗಿ ನಿಲ್ಲಿಸಿ, ಟಿವಿಯವರನ್ನು ಕರೆಯಿರಿ. ಸಂಜೆಯೊಳಗೆ ನೋಟಿಸ್ ವಾಪಸ್ ಆಗುತ್ತದೆ.

ಮಂಡ್ಯದಿಂದ, ಸಂಜೆ ಪಾಠ ನಡೆಸುವವರು

ಮೇಲೆ ಬರೆದ ತಮ್ಮನಿಗೆ: ನಾವು ಅದನ್ನೇ ಮಾಡಿ ಕೋಣೆ ಕಳೆದುಕೊಂಡೆವು ಕಣಪ್ಪ.

ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಆರು ವರ್ಷ ಪಾಠ ಮಾಡಿದೆವು. ಕೂಲಿಯವರ ಮಕ್ಕಳು, ಮನೆಯಲ್ಲಿ ಕೂತು ಓದಲು ಜಾಗ ಇಲ್ಲದವರು. ನಮಗೂ ಬಾಯಿ ಮಾತಿನ ಅನುಮತಿಯೇ. ಹೊಸ ಅಧಿಕಾರಿ ಬಂದವರು ಕಾಗದ ಕೇಳಿದರು. ಇಲ್ಲ ಅಂದೆವು. "ಒಂದು ಅರ್ಜಿ ಕೊಡಿ, ಮೇಲಕ್ಕೆ ಕಳುಹಿಸುತ್ತೇನೆ" ಅಂತ ಎರಡು ಸಲ ಹೇಳಿದರು. ಈಗ ಯೋಚಿಸಿದರೆ ಆ ಮನುಷ್ಯ ನಮ್ಮ ಪರವಾಗಿಯೇ ಇದ್ದರು. ನಮಗೆ ಆಗ ಅದು ಅವಮಾನ ಅನ್ನಿಸಿತು. ಆರು ವರ್ಷ ಪುಕ್ಕಟೆ ಪಾಠ ಹೇಳಿದವರು ಅರ್ಜಿ ಹಿಡಿದು ನಿಲ್ಲಬೇಕಾ ಅಂತ. ನಮ್ಮಲ್ಲೊಬ್ಬರಿಗೆ ಪತ್ರಕರ್ತರ ಪರಿಚಯ ಇತ್ತು, ಸುದ್ದಿ ಬಂತು. ಮಕ್ಕಳನ್ನು ಬೀದಿಗೆ ತಳ್ಳುತ್ತಿದ್ದಾರೆ ಅನ್ನುವ ಧಾಟಿಯಲ್ಲಿ. ತಳ್ಳಿರಲಿಲ್ಲ ಇನ್ನೂ.

ಮೂರನೇ ದಿನ ಕೋಣೆಗೆ ಸೀಲ್ ಬಿತ್ತು. ಆ ಅಧಿಕಾರಿ ಆಮೇಲೆ ನಮ್ಮ ಮುಖ ನೋಡಿ ಮಾತಾಡಲಿಲ್ಲ. ಎಲ್ಲ ಫೈಲಿನಲ್ಲೇ. ಒಬ್ಬ ಮುಖಂಡರು ಬಂದರು, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡರು, "ನಾನು ಮಾತಾಡ್ತೀನಿ ಬಿಡಿ" ಅಂದರು. ಮಾತಾಡಿದರೋ ಇಲ್ಲವೋ ದೇವರಿಗೇ ಗೊತ್ತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ನಮ್ಮೊಳಗೆ ಒಡಕು ಬಂದಿದ್ದು. ಖಜಾಂಚಿ ಆಗಿದ್ದವರು ಬಿಟ್ಟೇ ಹೋದರು. ಈಗ ಅಕ್ಕಿ ಗಿರಣಿ ಪಕ್ಕದ ಶೆಡ್‌ನಲ್ಲಿ ನಡೆಸುತ್ತಿದ್ದೇವೆ. ತಗಡಿನ ಸೂರು. ಏಪ್ರಿಲ್‌ನಲ್ಲಿ ಸಂಜೆ ಆರಕ್ಕೂ ಒಳಗೆ ಕೂರಲು ಆಗುವುದಿಲ್ಲ. ಅರ್ಧ ಮಕ್ಕಳು ಬರುವುದನ್ನು ಬಿಟ್ಟರು.

ಅರ್ಜಿ ಕೊಟ್ಟು ಉತ್ತರ ಬರದಿದ್ದರೆ ಆಮೇಲೆ ಪೇಪರ್‌ಗೆ ಹೋಗಿ. ಅದಕ್ಕೆ ಮುಂಚೆ ಬೇಡ.

ಪ್ರಶ್ನೆ ಕೇಳಿದವರು

ಅಕ್ಕ, ನಮ್ಮಲ್ಲೂ ಈಗಾಗಲೇ ಎರಡು ಪಂಗಡ ಆಗಿದೆ. ನಿನ್ನೆ ಸಭೆಯಲ್ಲಿ ಕೂಗಾಟ. ನಿಮ್ಮದನ್ನು ಗುಂಪಿನಲ್ಲಿ ಓದಿ ಹೇಳುತ್ತೇನೆ.

ನಿವೃತ್ತ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಬೋಗಾದಿ ರಸ್ತೆ

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ನೋಟಿಸನ್ನು ಇನ್ನೊಮ್ಮೆ ಓದಿ, ಯಾವ ಕಾಯ್ದೆ, ಯಾವ ಕಲಂ ಅಂತ ಬರೆದಿದೆ ನೋಡಿ. ಬಾಡಿಗೆ ಬಾಕಿ ಅನ್ನಬೇಕಾದರೆ ಮೊದಲು ಬಾಡಿಗೆ ಗೊತ್ತುಮಾಡಿರಬೇಕು, ಕರಾರು ಇರಬೇಕು. ಅದಿಲ್ಲದೆ ಬಾಕಿ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಹಾಗಂತ ಖುಷಿಪಡಬೇಡಿ. ಕರಾರು ಇಲ್ಲ ಅಂದರೆ ನೀವು ಅನಧಿಕೃತವಾಗಿ ಇದ್ದೀರಿ ಅಂತಲೂ ಅವರು ಅನ್ನಬಹುದು. ಸಾರ್ವಜನಿಕ ಕಟ್ಟಡಗಳಿಂದ ಅನಧಿಕೃತವಾಗಿ ಇರುವವರನ್ನು ತೆರವು ಮಾಡಿಸಲು ರಾಜ್ಯದಲ್ಲಿ 1974ರ ಕಾಯ್ದೆಯೇ ಇದೆ. ಅದರಲ್ಲೂ ಕಾರಣ ಕೇಳಿ ನೋಟಿಸ್ ಕೊಟ್ಟು, ನಿಮ್ಮ ಮಾತು ಕೇಳಿ, ಆಮೇಲೆ ಆದೇಶ ಮಾಡಬೇಕು. ಸೀದಾ ಬಂದು ಬೀಗ ಒಡೆಯುವ ಹಾಗಿಲ್ಲ. ಆದ್ದರಿಂದ ಏಳು ದಿನ ಮುಗಿಯುವುದರೊಳಗೆ ಲಿಖಿತ ಉತ್ತರ ಕೊಡಿ. ಒಂದು ಪುಟ ಸಾಕು. ಕಚೇರಿಯ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ನಿಮ್ಮ ಪ್ರತಿ ಮೇಲೆ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಳ್ಳಿ. ಗುಮಾಸ್ತರು "ಇಟ್ಟು ಹೋಗಿ" ಅಂದರೆ ಇಟ್ಟು ಬರಬೇಡಿ.

ನೋಟಿಸ್ ಕೊಟ್ಟ ಅಧಿಕಾರಿಗೆ ನಿಮ್ಮ ಮೇಲೆ ದ್ವೇಷ ಇದೆ ಅಂತಲೂ ತಿಳಿಯಬೇಡಿ. ನಾನು ಆ ಕುರ್ಚಿಯಲ್ಲಿ ಕೂತವನು. ಪ್ರತಿ ವರ್ಷ ಲೆಕ್ಕಪರಿಶೋಧನೆಯವರು ಬರುತ್ತಾರೆ. ರಸ್ತೆ ಬದಿಯ ಕೋಣೆ ಪುಕ್ಕಟೆ ಕೊಟ್ಟಿದ್ದೀರಿ, ಆದಾಯ ನಷ್ಟ ಆಗಿದೆ ಅಂತ ಒಂದು ಪ್ಯಾರಾ ಬರೆದು ಹೋಗುತ್ತಾರೆ. ಆ ಪ್ಯಾರಾ ತೀರುವ ತನಕ ನಿವೃತ್ತಿಯಾದ ಮೇಲೂ ತಲೆನೋವು ತಪ್ಪಿದ್ದಲ್ಲ. ಬಹಳ ಸಲ ಇಂಥ ನೋಟಿಸ್ ನಿಮ್ಮನ್ನು ಓಡಿಸುವುದಕ್ಕಲ್ಲ, "ನಾನು ಕೇಳಿದ್ದೇನೆ" ಅಂತ ಫೈಲಿನಲ್ಲಿ ತೋರಿಸುವುದಕ್ಕೆ. ಅವರಿಗೆ ಬೇಕಿರುವುದು ಒಂದು ಕಾಗದ. ಅದನ್ನು ನೀವು ಹುಡುಕಿ ಕೊಡಿ.

ಎಲ್ಲಿ ಹುಡುಕುವುದು? ಮೈಸೂರಿನ ಸುತ್ತ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯ್ತಿ ಆದಾಗ ಎಷ್ಟೋ ಊರುಗಳ ಪಂಚಾಯ್ತಿ ಆಸ್ತಿ ಹೊಸ ಕಚೇರಿಗಳಿಗೆ ಹೋಯಿತು. ಎಲ್ಲೇ ಆಗಲಿ, ಹೀಗೆ ಆದಾಗ ಹಸ್ತಾಂತರ ಪಟ್ಟಿ ಅಂತ ಒಂದು ಇರುತ್ತದೆ. ಅದರಲ್ಲಿ ನಿಮ್ಮ ಕೋಣೆ ಏನಂತ ನಮೂದಾಗಿದೆ ನೋಡಬೇಕು. ನಿಮ್ಮ ನಿರ್ಣಯ ಬರೆದ ಸಭೆಯ ನಡಾವಳಿ ಪುಸ್ತಕ ಹೊಸ ಕಚೇರಿಯಲ್ಲಿ ಸಿಗದಿದ್ದರೆ ತಾಲ್ಲೂಕು ಪಂಚಾಯ್ತಿಯಲ್ಲಿ ಕೇಳಿ. ನಾನು ಕೆಲಸದಲ್ಲಿದ್ದಾಗ ಸಭೆ ನಡಾವಳಿಯ ಒಂದು ಪ್ರತಿ ಅಲ್ಲಿಗೆ ಕಳುಹಿಸುತ್ತಿದ್ದೆವು. ಬೇರೆ ತಾಲ್ಲೂಕೊಂದರಲ್ಲಿ ಹಳೆ ನಡಾವಳಿ ಪುಸ್ತಕಗಳು ಗೋಣಿಚೀಲದಲ್ಲಿ, ಬ್ಲೀಚಿಂಗ್ ಪೌಡರ್ ಡಬ್ಬದ ಹಿಂದೆ ಸಿಕ್ಕಿದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ "ಇಲ್ಲ" ಅಂದರೆ "ಹುಡುಕಿಲ್ಲ" ಅಂತ ತಿಳಿಯಿರಿ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಿಮ್ಮ ಸೇವೆಯ ಕಥೆ ಅದರಲ್ಲಿ ಬರೆಯಬೇಡಿ. ನಡಾವಳಿ ಒಂದು ಅರ್ಜಿ, ಹಸ್ತಾಂತರ ಪಟ್ಟಿ ಇನ್ನೊಂದು ಅರ್ಜಿ. ದೃಢೀಕೃತ ನಕಲು ಅಂತಲೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ.

ಇನ್ನೊಂದು. ಚುನಾಯಿತ ಸದಸ್ಯರಿಲ್ಲದ ಕಡೆ ಆಡಳಿತಾಧಿಕಾರಿ ಇರುತ್ತಾರೆ. ಸದಸ್ಯರ ಸಭೆ ಮಾಡಬೇಕಾದ ತೀರ್ಮಾನ ಅವರ ಕೈಯಲ್ಲಿರುತ್ತದೆ. ಕೋಣೆ ಕೊಡುವ ಮನವಿ ಅವರ ಹೆಸರಿಗೆ ಬರೆಯಿರಿ. ಮುಖ್ಯಾಧಿಕಾರಿ ಒಬ್ಬರೇ ಪುಕ್ಕಟೆ ಕೊಡುತ್ತೇನೆ ಅಂದರೂ ಆ ಮಾತು ನಿಲ್ಲುವುದಿಲ್ಲ. ಮತ್ತೆ ಮೂರು ವರ್ಷಕ್ಕೆ ಇದೇ ಗೋಳು.

ಲೆಕ್ಕಪತ್ರ ನೋಡುವವರು, ಸರಸ್ವತಿಪುರಂ

ಪಿಡಿಒ ಸರ್ ಎಲ್ಲ ಹೇಳಿದ್ದಾರೆ. ಒಂದು ಬಿಟ್ಟಿದ್ದಾರೆ. ಮೇಡಂ, ನಿಮ್ಮ ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಆಗಿದೆ ತಾನೇ? ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಜಿಲ್ಲಾ ನೋಂದಣಾಧಿಕಾರಿಗೆ ಕೊಡುತ್ತಿದ್ದೀರಾ? ನನ್ನ ಹತ್ತಿರ ಬರುವ ಸೇವಾ ಸಂಘಗಳಲ್ಲಿ ಹೆಚ್ಚಿನವು ಕೊಟ್ಟಿರುವುದಿಲ್ಲ. ಕೆಲಸ ಮಾಡುತ್ತಾರೆ, ಫೋಟೊ ಹಾಕುತ್ತಾರೆ, ರಸೀದಿ ಪುಸ್ತಕ ಯಾರದೋ ಮನೆಯ ಬೀರುವಿನಲ್ಲಿ. ನೀವು ಮನವಿ ಕೊಟ್ಟ ದಿನ ಆ ಕಡೆಯವರು ಮೊದಲು ಕೇಳುವುದೇ ನವೀಕರಣ ಪತ್ರ ಮತ್ತು ಮೂರು ವರ್ಷದ ಆಡಿಟ್ ವರದಿ. ಬಾಕಿ ಇದ್ದರೆ ದಂಡ ಕಟ್ಟಿ ಈ ವಾರವೇ ಸರಿ ಮಾಡಿಕೊಳ್ಳಿ.

ಸ್ತ್ರೀಶಕ್ತಿ ಸಂಘದ ಸದಸ್ಯೆ, ನಂಜನಗೂಡು ರಸ್ತೆ ಕಡೆ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಊರಲ್ಲೂ ಇಂಥದ್ದೇ ಕೋಣೆ ಒಂದು ಸಂಘದವರ ಕೈಯಲ್ಲಿದೆ. ಒಳ್ಳೆಯವರೇ. ಆದರೆ ಒಂಬತ್ತು ವರ್ಷದಿಂದ ಬೀಗ ಅವರ ಹತ್ತಿರವೇ. ನಾವು ಹದಿನೈದು ಹೆಂಗಸರು ವಾರಕ್ಕೊಂದು ಸಭೆಯನ್ನು ದೇವಸ್ಥಾನದ ಜಗಲಿಯಲ್ಲಿ ಮಾಡುತ್ತೇವೆ, ಮಳೆ ಬಂದರೆ ಎದ್ದು ಹೋಗುತ್ತೇವೆ. ಕೇಳಿದರೆ "ಸಾಮಾನು ಇದೆ" ಅನ್ನುತ್ತಾರೆ. ಸೇವೆ ಮಾಡುವವರಿಗೆಲ್ಲ ಸರ್ಕಾರಿ ಕೋಣೆ ಕೊಡಬೇಕು ಅಂದರೆ ಮೊದಲು ಕೇಳಿದವರಿಗೆ ಮಾತ್ರ ಸಿಗುತ್ತದೆ. ನಿಮ್ಮ ಕೋಣೆ ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ ಅಕ್ಕ? ತಪ್ಪು ತಿಳಿಯಬೇಡಿ.

ಪ್ರಶ್ನೆ ಕೇಳಿದವರು

ತಪ್ಪು ತಿಳಿಯಲಿಲ್ಲ. ಸಂಜೆ ಎರಡು ಗಂಟೆ ಮಾತ್ರ. ಉಳಿದ ಹೊತ್ತು ಬೀಗ. ನೀವು ಕೇಳುವ ತನಕ ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ನಗರ ಪುನರ್ವಸತಿ ಕಾರ್ಯಕರ್ತ

ನಾನು ಅಂಗವಿಕಲರ ಕೆಲಸದಲ್ಲಿರುವವನು. ನಗರ ಸ್ಥಳೀಯ ಸಂಸ್ಥೆಗಳ ಬಜೆಟ್‌ನಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ವರ್ಷದ ಕೊನೆಗೆ ಶೇ 5ರ ಹಣಕ್ಕೆ ಫಲಾನುಭವಿಗಳು ಸಿಗಲಿಲ್ಲ ಅಂತ ಒದ್ದಾಡುವ ಕಚೇರಿಗಳನ್ನು ನೋಡಿದ್ದೇನೆ. ನಿಮ್ಮ ಎರವಲು ಪುಸ್ತಕದಲ್ಲಿ ಯಾರ ಹತ್ತಿರ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇದೆ ಅಂತ ಒಂದು ಪಟ್ಟಿ ಮಾಡಿ. ಸಂಘಕ್ಕೆ ಅನುದಾನ ಕೊಡಿ ಅಂತ ಕೇಳಬೇಡಿ, ಈ ಇಷ್ಟು ಜನರಿಗೆ ಉಪಯೋಗ ಆಗುತ್ತಿದೆ ಅಂತ ಕೇಳಿ. ಕಚೇರಿಗೂ ಸುಲಭ. ಸೊಂಟ ಮುರಿದ ಅಜ್ಜಿ ಈ ಲೆಕ್ಕಕ್ಕೆ ಬರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆರು ತಿಂಗಳಿಗೆ ಎದ್ದು ಓಡಾಡುವವರು ಅಂಗವಿಕಲರಲ್ಲ. ಸುಮ್ನೆ ಪಟ್ಟಿ ಉದ್ದ ಮಾಡಿದರೆ ಎಲ್ಲವೂ ತಿರಸ್ಕಾರ ಆಗುತ್ತದೆ.

ಪ್ರಶ್ನೆ ಕೇಳಿದವರು, ಎರಡು ತಿಂಗಳ ನಂತರ

ಏನಾಯಿತು ಅಂತ ಕೆಲವರು ಕೇಳಿದ್ದೀರಿ. ಹೇಳುತ್ತೇನೆ.

ಆರನೇ ದಿನ ಉತ್ತರ ಕೊಟ್ಟೆವು, ಮುದ್ರೆ ಹಾಕಿಸಿಕೊಂಡೆವು. ಗುಮಾಸ್ತರು "ಇಟ್ಟು ಹೋಗಿ" ಅಂದೇ ಅಂದರು! ನಾನು ಬೆಂಚಿನ ಮೇಲೆ ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಮುದ್ರೆ ಸಿಕ್ಕಿತು.

ಹೊಸ ಕಚೇರಿಯವರು ನಡಾವಳಿ ಲಭ್ಯವಿಲ್ಲ ಅಂತ ಬರೆದರು. ತಾಲ್ಲೂಕು ಪಂಚಾಯ್ತಿಯಲ್ಲಿ ಸಿಕ್ಕಿತು. ಕವರ್ ಒಡೆಯುವಾಗ ನಾಲ್ಕು ಜನ ಸೇರಿದ್ದೆವು, ಗೆದ್ದೆವು ಅಂತ. ಓದಿದರೆ "ತಾತ್ಕಾಲಿಕವಾಗಿ ಮೂರು ವರ್ಷದ ಅವಧಿಗೆ" ಅಂತಿದೆ. ಅಂದರೆ 2020ಕ್ಕೆ ಮುಗಿದಿದೆ. ಬಾಕಿ ಕೇಳಿದ 38 ತಿಂಗಳೂ ನಾವು ಅವಧಿ ಮೀರಿ ಕೂತವರೇ. ಅಷ್ಟು ದಿನ ನಮ್ಮ ಪರ ಇದೆ ಅಂದುಕೊಂಡ ಕಾಗದ ಅದು. ಹಿರಿಯರೊಬ್ಬರು ಅದನ್ನು ಅಡಗಿಸಿಡೋಣ ಅಂದರು. ನಾನು ಪಿಡಿಒ ಸರ್‌ಗೆ ಫೋನ್ ಮಾಡಿದೆ. "ಅದನ್ನೇ ಲಗತ್ತಿಸಿ. ಮೊದಲು ಕೊಟ್ಟಿದ್ದು ನಿಜ ಅಂತ ಗೊತ್ತಾಗಲಿ. ನವೀಕರಣ ಕೇಳಿ, ತಡ ಆಗಿದ್ದಕ್ಕೆ ಕ್ಷಮೆ ಕೇಳಿ" ಅಂದರು. ಹಾಗೇ ಮಾಡಿದೆವು.

ಆಡಳಿತಾಧಿಕಾರಿಗಳು ಹತ್ತು ನಿಮಿಷ ಮಾತು ಕೇಳಿದರು. ಎರವಲು ಪುಸ್ತಕ ತಿರುವಿ ನೋಡಿದರು. ನಾವು ಬರೆದುಕೊಟ್ಟಿದ್ದು ಇಷ್ಟು: ಕರೆಂಟ್ ಬಿಲ್ ಇನ್ನು ನಮ್ಮದು. ಬೆಳಗಿನ ಹೊತ್ತು ಕೋಣೆಯನ್ನು ಊರಿನ ಮಹಿಳಾ ಸಂಘಗಳಿಗೆ ಬಿಡುತ್ತೇವೆ, ಒಂದು ಬೀಗದ ಕೈ ಅವರಿಗೆ. ಯುಡಿಐಡಿ ಇರುವವರ ಪಟ್ಟಿ ಹದಿನಾಲ್ಕು ಹೆಸರಿನದು, ಅದನ್ನೂ ಇಟ್ಟೆವು. ನೂರು ಬರುತ್ತದೆ ಅಂದುಕೊಂಡಿದ್ದೆ, ಹದಿನಾಲ್ಕೇ ಬಂದಿದ್ದು. ನೋಂದಣಿ ದಂಡ ಕಟ್ಟಿದೆವು, ಮೂರು ವರ್ಷದ್ದು ಬಾಕಿ ಇತ್ತು. ಲೆಕ್ಕದ ಸರ್ ಸರಿಯಾಗಿಯೇ ಊಹಿಸಿದ್ದರು.

ಬಾಡಿಗೆ ಬಾಕಿ ಇನ್ನೂ ತೀರ್ಮಾನ ಆಗಿಲ್ಲ. ಫೈಲ್ ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶಕ್ಕೆ ಹೋಗಿದೆ. ಹರಾಜು ಸದ್ಯಕ್ಕೆ ನಿಂತಿದೆ. ಪೇಪರ್‌ಗೆ ಹೋಗಬೇಕು ಅಂತ ಹಟ ಹಿಡಿದಿದ್ದ ಇಬ್ಬರು ಸಂಘ ಬಿಟ್ಟರು. ಒಬ್ಬರ ಮನೆಗೆ ಹೋಗಿ ಬಂದೆ. ಕಾಫಿ ಕೊಟ್ಟರು, ವಾಪಸ್ ಬರುತ್ತೇನೆ ಅನ್ನಲಿಲ್ಲ.

ಇನ್ನೊಂದು ಸಹಾಯ ಬೇಕಿತ್ತು. ಮಹಿಳಾ ಸಂಘದವರು ಕೂರಲು ಜಾಗ ಮಾಡುವಾಗ ಎರಡು ಮಂಚ ಹೊರಗೆ ಇಡಬೇಕಾಗಿ ಬಂದಿದೆ. ಮಳೆಗಾಲ ಮುಗಿಯುವ ತನಕ ಇಟ್ಟುಕೊಳ್ಳಲು ಯಾರದಾದರೂ ಗ್ಯಾರೇಜ್ ಖಾಲಿ ಇದೆಯಾ? ಒಂದು ಏರ್ ಬೆಡ್ಡಿನ ಪಂಪ್ ಕೂಡ ಕೆಟ್ಟಿದೆ, ಮೈಸೂರಿನಲ್ಲಿ ರಿಪೇರಿ ಮಾಡುವವರು ಗೊತ್ತಿದ್ದರೆ ತಿಳಿಸಿ.