ಬಿಳಿ 2 ಷಡ್ಜ ಮಾಡಿದರೆ ಪಂಚಮ ಯಾಕೆ ಇಳಿಯುತ್ತದೆ?

ಪ್ರಶ್ನೆ (ಶಿರಸಿ)
ಹಾರ್ಮೋನಿಯಂ ಬಿಳಿ 1ಕ್ಕೆ (ಮೊದಲ ಬಿಳಿ ಕೀ ಷಡ್ಜ, ಅಂದರೆ ಸ) ಗಾಂಧಾರ ಟ್ಯೂನಿಂಗ್ (ಸ್ವರಗಳನ್ನು ಷಡ್ಜಕ್ಕೆ ಶುದ್ಧವಾಗಿ ಕೂಡಿಸುವ ಶ್ರುತಿ) ಆಗಿದೆ. ಅಲ್ಲಿಂದ ಬಿಲಾವಲ್ (ಎಲ್ಲ ಶುದ್ಧ ಸ್ವರಗಳ ರಾಗ) ಚೊಕ್ಕ. ಬಿಳಿ 2ನ್ನು ಷಡ್ಜ ಮಾಡಿ ಬಿಳಿ ಕೀಗಳನ್ನೇ ಒತ್ತಿದರೆ ಕಾಫಿ ರಾಗದ ಸ್ವರಗಳು ಬರುತ್ತವೆ, ಆದರೆ ಪಂಚಮ, ಅಂದರೆ ಬಿಳಿ 6, ತಂಬೂರಿಗೆ ಕೂಡುವುದಿಲ್ಲ. ಮಳೆಗಾಲದ ಥಂಡಿಗೆ ರೀಡು ಕಿಲುಬು ಹಿಡಿದಿರಬಹುದೇ? ಕೆರೆಸಬೇಕೇ?

ಉತ್ತರ 1 (ಕುಮಟಾ)
ದಯವಿಟ್ಟು ಕೆರೆಸಬೇಡಿ, ರೀಡು ಸರಿಯಾಗಿಯೇ ಇದೆ. ಈ ಟ್ಯೂನಿಂಗಿನಲ್ಲಿ ಸ್ವರಗಳ ನಡುವಿನ ಅಂತರ ಎರಡು ಬಗೆಯದಲ್ಲ, ಮೂರು ಬಗೆಯದು: ಸ–ರಿ 204 ಸೆಂಟ್ (ಒಂದು ಸಪ್ತಕ 1200 ಸೆಂಟ್), ರಿ–ಗ 182, ಗ–ಮ 112, ಮ–ಪ 204, ಪ–ಧ 182, ಧ–ನಿ 204, ನಿ–ಸ 112. ಸ–ಪ ಕೂಡಿಸಿದರೆ 702, ಶುದ್ಧ ಪಂಚಮ. ರಿ–ಧ, ಅಂದರೆ ನಿಮ್ಮ ಬಿಳಿ 2ರಿಂದ ಬಿಳಿ 6, ಕೂಡಿಸಿ ನೋಡಿ: 182+112+204+182, ಬರೀ 680. ಆ 22 ಸೆಂಟಿನ ಕೊರತೆಯೇ ನಿಮ್ಮ ಕಿವಿಗೆ ಚುಚ್ಚುತ್ತಿರುವುದು.

ಲೆಕ್ಕಕ್ಕೆ ಷಡ್ಜ 240 ಹರ್ಟ್ಜ್ ಅನ್ನಿ. ರಿ 270, ಧ 400. ರಿಯ ಮೂರನೆಯ ಸಹಸ್ವರ (ಮೂಲ ಕಂಪನದ ಮೂರು ಪಟ್ಟು) 810, ಧದ ಎರಡನೆಯದು 800. ಎರಡೂ ಕೀ ಒಟ್ಟಿಗೆ ಒತ್ತಿ ಹದವಾಗಿ ಗಾಳಿ ಕೊಟ್ಟರೆ ಸೆಕೆಂಡಿಗೆ 10 ಅಲೆ (ಸದ್ದಿನ ಏರಿಳಿತ) ಗುರುಗುಟ್ಟುತ್ತವೆ. ರೀಡಿನ ತುದಿ ಕೆರೆದು ಧವನ್ನು 405ಕ್ಕೆ ಏರಿಸಿದರೆ ಅಲೆ ನಿಲ್ಲುತ್ತದೆ, ಆದರೆ ಮ–ಧ ಜೋಡಿ ಕೆಡುತ್ತದೆ: ಮ 320, ಅದರ ಐದನೆಯದು 1600, 405ರ ನಾಲ್ಕನೆಯದು 1620. ಅಲ್ಲಿ 20 ಅಲೆ!

ಉತ್ತರ 2 (ಕಾರವಾರ)
ಪಂಚಮ ಒಂದೇ ಅಲ್ಲ, ಬಿಳಿ 2ರಿಂದ ರಿಷಭವೂ ಕೋಮಲ ಗಾಂಧಾರವೂ ಅಷ್ಟೇ ಇಳಿದಿರುತ್ತವೆ. ತಂಬೂರಿಯ ತಂತಿ ಪಂಚಮದ್ದಾದ್ದರಿಂದ ಅದು ಮೊದಲು ಸಿಕ್ಕಿಬೀಳುತ್ತದೆ.

ಬಿಳಿ 3ರಿಂದ ಭೈರವಿ ನುಡಿಸಿ ನೋಡಿ, ಏಳೂ ಸ್ವರ ಕೂಡುತ್ತವೆ. ಬಿಳಿ 4ರಿಂದ ಕಲ್ಯಾಣದಲ್ಲಿ ಧ ಮಾತ್ರ ಏರು. 5ರಿಂದ ಖಮಾಜಿನಲ್ಲಿ ರಿ ಇಳಿಕೆ. 6ರಿಂದ ಆಸಾವರಿಯಲ್ಲಿ ಮ ಏರು. ಕಾಫಿಗೇ ಹೆಚ್ಚು ಪೆಟ್ಟು.

ಹಾಗಾಗಿ ಕಾಫಿಗೆ ಷಡ್ಜ ಕದಲಿಸಬೇಡಿ. ಬಿಳಿ 1ರಲ್ಲೇ ಉಳಿದು ಗ, ನಿ ಎರಡನ್ನು ಕಪ್ಪು ಕೀಗೆ ಇಳಿಸಿ. ಆ ಕೋಮಲ ಗ 316 ಸೆಂಟಿಗೆ ಇದೆಯೇ ಅಂತ ಟ್ಯೂನರ್ ಆ್ಯಪಿನಲ್ಲಿ ನೋಡಿಕೊಳ್ಳಿ. ಆ್ಯಪು ಸಮ ಹಂಚಿಕೆಯ (ಸಪ್ತಕಕ್ಕೆ 12 ಸಮ ಪಾಲು, ತಲಾ 100 ಸೆಂಟ್) 300ಕ್ಕೆ ಹೊಂದಿಸಿರುತ್ತದೆ, ಆದ್ದರಿಂದ ಷಡ್ಜದಲ್ಲಿ ಮುಳ್ಳು ಸೊನ್ನೆಗೆ ನಿಂತಿದ್ದರೆ ಇಲ್ಲಿ 16 ಹೆಚ್ಚು ತೋರಿಸಬೇಕು.

ಪ್ರಶ್ನೆ ಕೇಳಿದವರು
ರಿ–ಧ ಒತ್ತಿದಾಗ ಗುರುಗುಟ್ಟುವುದು ಸ್ಪಷ್ಟವಾಗಿ ಕೇಳಿತು. ಸ–ಪ ಒತ್ತಿದರೆ ನಿಶ್ಚಲ. ಕೋಮಲ ಗ 15 ಹೆಚ್ಚು ತೋರಿಸುತ್ತಿದೆ, ರೀಡು ಮುಟ್ಟುವುದಿಲ್ಲ.